ಜೀರ್ಣೋದ್ಧಾರದ ಹಾದಿ: ಹುಬ್ಬಳ್ಳಿಯಿಂದ ಹಿರೇಬೆಂಡಿಗೇರಿಗೆ

ಹುಬ್ಬಳ್ಳಿಯನ್ನು ಬಿಟ್ಟು ಹೆದ್ದಾರಿಯ ಮೇಲೆ ದಕ್ಷಿಣಾಭಿಮುಖವಾಗಿ ಹೊರಟವರಿಗೆ ಶಿಗ್ಗಾವಿಯ ಸೀಮೆಯು ತನ್ನ ಎರಡು ಮುಖಗಳನ್ನೂ ಒಟ್ಟಿಗೆ ತೋರಿಸುವದು. ಎಡಗಡೆಗೆ ಕುಂದಗೋಳ, ಸವಣೂರುಗಳ ಕಡೆಗೆ ಹಬ್ಬಿದ ಎರೆಯ ಬಯಲು. ಬಲಗಡೆಗೆ ಮುಂಡಗೋಡದ ಕಾಡಿನತ್ತ ಸರಿದಂತೆಲ್ಲ ಕೆಂಪೇರುವ ನೆಲ. ಪೂರ್ತಿ ಬಯಲುಸೀಮೆಯೂ ಅಲ್ಲದ, ಪೂರ್ತಿ ಮಲೆನಾಡೂ ಅಲ್ಲದ ಈ ನಡುನಾಡಿನಲ್ಲಿ ಹತ್ತಿ, ಗೋವಿನಜೋಳ, ಶೇಂಗಾ, ಮೆಣಸಿನಕಾಯಿಗಳು ಬೆಳೆಯುವವು. ಕನಕದಾಸರ ಬಾಡವೂ ಶರೀಫ ಸಾಹೇಬರ ಶಿಶುವಿನಹಾಳವೂ ಇದೇ ತಾಲೂಕಿನವು. ಹಿರೇಬೆಂಡಿಗೇರಿಯೂ ಇದೇ ತಾಲೂಕಿನ ಒಂದು ಹಳ್ಳಿ. 1997ರ ವರೆಗೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಭಾಗವು ಆ ವರ್ಷದಿಂದ ಹಾವೇರಿ ಜಿಲ್ಲೆಯಲ್ಲಿದೆ.

ನಾವು ಈ ಹಾದಿಯನ್ನು ಹಿಡಿದುದು ಗುಡಿ ಗೋಪುರಗಳನ್ನು ನೋಡುವದಕ್ಕಲ್ಲ. ಸವೆದ ವಸ್ತುವಿಗೆ ಮರಳಿ ಬಾಳನ್ನು ಕೊಡುವ ಉದ್ಯಮವು ದೊಡ್ಡ ಊರಿನಲ್ಲಿ ಹೇಗೆ ನಡೆಯುವದು, ಹಳ್ಳಿಯಲ್ಲಿ ಹೇಗೆ ನಡೆಯುವದು ಎಂಬದನ್ನು ಒಂದೇ ಪ್ರಯಾಣದಲ್ಲಿ ಹೋಲಿಸಿ ನೋಡಬೇಕೆಂಬ ಅಪೇಕ್ಷೆಯಿಂದ ಹೊರಟೆವು. ಭೂಮಿಯ ಲೋಹವೂ ಕಾಡಿನ ಮರವೂ ಗಾಳಿಯ ನೈರ್ಮಲ್ಯವೂ ಉಳಿಯಬೇಕಾದರೆ ಈ ಉದ್ಯಮವು ಬೆಳೆಯಬೇಕೆಂದು ಇಂದು ಎಲ್ಲ ದೇಶಗಳ ಪಂಡಿತರೂ ಹೇಳುತ್ತಿರುವರು. ಅವರು ಇದಕ್ಕೆ ಇಟ್ಟ ಹೆಸರು 'ರೀಮ್ಯಾನುಫ್ಯಾಕ್ಚರಿಂಗ್'. ನಮ್ಮಲ್ಲಿ ಇದಕ್ಕೆ ಹಳೆಯದೂ ಅಂದವಾದುದೂ ಆದ ಒಂದು ಮಾತುಂಟು: ಜೀರ್ಣೋದ್ಧಾರ. ಗುಡಿಗೆ, ಕೆರೆಗೆ ಸಲ್ಲುತ್ತಿದ್ದ ಈ ಮಾತನ್ನು ಯಂತ್ರಕ್ಕೂ ಸಲ್ಲಿಸಿದರೆ ತಪ್ಪೇನೂ ಇಲ್ಲ. ಹೊಸದಾಗಿ ದಾನ ಕೊಡುವದಕ್ಕಿಂತ ಕೊಟ್ಟ ದಾನವನ್ನು ಕಾಪಾಡುವದೇ ಮೇಲೆಂದು ನಮ್ಮ ಎಷ್ಟೋ ಶಿಲಾಶಾಸನಗಳು ಕೊನೆಯಲ್ಲಿ ಸಾರಿರುವವು.

ಮೊದಲು ಒಂದು ಭೇದವನ್ನು ತಿಳಿಯಬೇಕು. ಕೆಟ್ಟ ವಸ್ತುವಿಗೆ ಮೂರು ಗತಿಗಳುಂಟು. ಕೆಟ್ಟ ಒಂದು ಭಾಗವನ್ನಷ್ಟೇ ಸರಿಪಡಿಸಿ ಕೆಲಸಕ್ಕೆ ಹಚ್ಚುವದು ದುರಸ್ತಿ. ಪೂರ್ತಿ ಒಡೆದು, ಕರಗಿಸಿ, ಅದರ ಲೋಹವನ್ನಷ್ಟೇ ಉಳಿಸಿಕೊಳ್ಳುವದು ಗುಜರಿಯ ಮಾರ್ಗ. ಇವೆರಡರ ನಡುವೆ ಇರುವದು ಜೀರ್ಣೋದ್ಧಾರ: ವಸ್ತುವನ್ನು ಕೀಲು ಕೀಲಾಗಿ ಬಿಚ್ಚಿ, ತೊಳೆದು, ಪ್ರತಿಯೊಂದು ಭಾಗವನ್ನೂ ಅಳೆದು, ಸವೆದುದನ್ನು ಬದಲಿಸಿ, ಮತ್ತೆ ಜೋಡಿಸಿ, ಹೊಸ ವಸ್ತುವಿಗೆ ಮಾಡುವ ಪರೀಕ್ಷೆಯನ್ನೇ ಅದಕ್ಕೂ ಮಾಡಿ ಹೊರಗೆ ಕಳುಹುವದು. ಗುಜರಿಯಲ್ಲಿ ಲೋಹವು ಮಾತ್ರ ಉಳಿಯುವದು. ಜೀರ್ಣೋದ್ಧಾರದಲ್ಲಿ ಲೋಹಕ್ಕೆ ಒಮ್ಮೆ ಕೊಟ್ಟ ಆಕಾರವೂ ಉಳಿಯುವದು. ಆ ಆಕಾರವನ್ನು ಕೊಡುವದಕ್ಕೆ ಉರಿಸಿದ ಕಲ್ಲಿದ್ದಲು, ವ್ಯಯಿಸಿದ ವಿದ್ಯುತ್ತು, ಪಟ್ಟ ಶ್ರಮ ಇವೆಲ್ಲ ಉಳಿಯುವವು.

ಇದರ ದೊಡ್ಡ ನಿದರ್ಶನವು ಹುಬ್ಬಳ್ಳಿಯಲ್ಲಿಯೇ ಇದೆ. 1882ರಲ್ಲಿ ಹುಟ್ಟಿದ ದಕ್ಷಿಣ ಮರಾಠಾ ರೇಲ್ವೆ ಕಂಪನಿಯು ಆ ದಶಕದಲ್ಲಿಯೇ ಇಲ್ಲಿ ತನ್ನ ಕಾರ್ಯಾಗಾರವನ್ನು ಸ್ಥಾಪಿಸಿತು. ಕಂಪನಿಯ ಹೆಸರು 1908ರಲ್ಲಿ ಬದಲಾಯಿತು. 1951ರಲ್ಲಿ ದಕ್ಷಿಣ ರೇಲ್ವೆ, 1966ರಲ್ಲಿ ದಕ್ಷಿಣ ಮಧ್ಯ ರೇಲ್ವೆ, 2003ರಲ್ಲಿ ಹುಬ್ಬಳ್ಳಿಯಲ್ಲಿಯೇ ಕೇಂದ್ರವಿರುವ ನೈರುತ್ಯ ರೇಲ್ವೆ ಹೀಗೆ ಒಡೆತನಗಳೂ ಬದಲಾದವು. ಆದರೆ ಒಳಗಿನ ಕೆಲಸದ ಸ್ವರೂಪವು ಬದಲಾಗಲಿಲ್ಲ. ಹಿಂದೆ ಉಗಿಬಂಡಿಗಳು, ಈಗ ಪ್ರಯಾಣಿಕರ ಡಬ್ಬಿಗಳು. ಸವೆದು ಬಂದವುಗಳು ಒಂದು ಬಾಗಿಲಿನಿಂದ ಒಳಗೆ ಹೋಗಿ ಸಜ್ಜಾಗಿ ಇನ್ನೊಂದು ಬಾಗಿಲಿನಿಂದ ಹೊರಗೆ ಬರುವವು. ಈ ಕಾರ್ಯಾಗಾರದ ಆವರಣದೊಳಗೆ ಎಲ್ಲರಿಗೂ ಪ್ರವೇಶವಿಲ್ಲವಾದರೂ, 2020ರಲ್ಲಿ ಗದಗ ರಸ್ತೆಯ ಬದಿಗೆ ತೆರೆದ ರೇಲ್ವೆ ವಸ್ತುಸಂಗ್ರಹಾಲಯದಲ್ಲಿ ಹಳೆಯ ಬಂಡಿಗಳನ್ನೂ ಉಪಕರಣಗಳನ್ನೂ ಮಕ್ಕಳು ಮರಿಗಳೊಡನೆ ಹೋಗಿ ನೋಡಬಹುದು.

ಕೆಲಸದ ಕ್ರಮವು ಇಂತಿದೆ. ಪೆರಂಬೂರಿನ ಮಾದರಿಯ ಹಳೆಯ ಡಬ್ಬಿಯು ಸುಮಾರು 18 ತಿಂಗಳಿಗೊಮ್ಮೆ ಕಾರ್ಯಾಗಾರಕ್ಕೆ ಬರಲೇಬೇಕೆಂಬ ಕಟ್ಟಳೆಯುಂಟು. ಅದು ಕೆಟ್ಟಿರಲಿ, ಕೆಡದೆ ಇರಲಿ. ಬಂದ ಡಬ್ಬಿಯನ್ನು ಎತ್ತಿ ಅದರ ಒಡಲನ್ನೂ ಗಾಲಿಗಳ ಚೌಕಟ್ಟನ್ನೂ ಬೇರ್ಪಡಿಸುವರು. ಚೌಕಟ್ಟನ್ನು ಕ್ಷಾರದ ಬಿಸಿನೀರಿನಲ್ಲಿ ತೊಳೆದು ಬಿರುಕುಗಳನ್ನು ಹುಡುಕುವರು. ಸ್ಪ್ರಿಂಗುಗಳನ್ನು ಭಾರ ಹೇರಿ ಪರೀಕ್ಷಿಸುವರು. ಅಚ್ಚಿನ ಒಳಗಡೆ ಕಣ್ಣಿಗೆ ಕಾಣದ ಸೀಳು ಇದೆಯೋ ಎಂಬದನ್ನು ಕಿವಿಗೆ ಕೇಳಿಸದ ಶಬ್ದತರಂಗಗಳಿಂದ ಶೋಧಿಸುವರು. ಸವೆದು ಆಕಾರ ಕೆಟ್ಟ ಗಾಲಿಯನ್ನು ದೊಡ್ಡ ಲೇತಿನ ಮೇಲೆ ಏರಿಸಿ, ಒಂದಿಷ್ಟು ಉಕ್ಕನ್ನು ಹೆರೆದು ಮತ್ತೆ ಸರಿಯಾದ ಆಕಾರಕ್ಕೆ ತರುವರು. ಕೊನೆಗೆ ಒಡಲಿನ ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸದನ್ನು ಬೆಸೆದು, ಬಣ್ಣ ಬಳಿದು, ಬ್ರೇಕುಗಳನ್ನು ಪರೀಕ್ಷಿಸಿ ಬಿಡುಗಡೆ ಮಾಡುವರು. ಹೀಗೆ ಮತ್ತೆ ಮತ್ತೆ ಹೊಸ ಬಾಳನ್ನು ಪಡೆಯುತ್ತ ಆ ಡಬ್ಬಿಯು ತನಗೆ ಗೊತ್ತುಪಡಿಸಿದ 25 ವರ್ಷಗಳ ಆಯುಷ್ಯವನ್ನು ಕಳೆಯುವದು.

ಇದರಲ್ಲಿ ಗಾಲಿಯ ಲೆಕ್ಕವು ಬಹಳ ಬೋಧಪ್ರದವಾದುದು. ಹೊಸ ಗಾಲಿಯ ವ್ಯಾಸವು 915 ಮಿಲಿಮೀಟರು. ಅದು ಸವೆದು, ಹೆರೆಯಿಸಿಕೊಂಡು, 825 ಮಿಲಿಮೀಟರಿಗೆ ಇಳಿದಾಗ ಸೇವೆಗೆ ಅನರ್ಹವಾಗುವದು. ಅಂದರೆ ಇಡೀ ಗಾಲಿಯಲ್ಲಿ ಅಂಚಿನ 45 ಮಿಲಿಮೀಟರಿನ ದಪ್ಪವಷ್ಟೇ ಅದರ ಜೀವಮಾನದ ಬಂಡವಾಳ. ಉಳಿದ ಗಟ್ಟಿಯಾದ ದೇಹವೆಲ್ಲ ಈ ಅಲ್ಪ ಅಂಚನ್ನು ಹೊತ್ತು ನಿಲ್ಲುವದಕ್ಕಾಗಿಯೇ ಇರುವದು. ಮೊದಲ ಸಲ ಅಂಚು ಕೆಟ್ಟಾಗಲೇ ಗಾಲಿಯನ್ನು ಎಸೆದಿದ್ದರೆ ಎಷ್ಟು ಉಕ್ಕು ವ್ಯರ್ಥವಾಗುತ್ತಿತ್ತೆಂಬದನ್ನು ವಾಚಕರೇ ಊಹಿಸಿಕೊಳ್ಳಬಹುದು. ಪೂರ್ತಿ ಸವೆದ ಗಾಲಿಯೂ ಮಣ್ಣುಪಾಲಾಗುವದಿಲ್ಲ. ಬೆಂಗಳೂರಿನ ಯಲಹಂಕದಲ್ಲಿ 1984ರಲ್ಲಿ ಆರಂಭವಾದ ರೇಲ್ವೆ ಗಾಲಿ ಕಾರ್ಖಾನೆಯು ದೇಶದ ರೇಲ್ವೆಗಳ ಹಳೆಯ ಗಾಲಿ, ಅಚ್ಚುಗಳನ್ನು ವಿದ್ಯುತ್ ಕುಲುಮೆಯಲ್ಲಿ ಕರಗಿಸಿ ಹೊಸ ಗಾಲಿಗಳನ್ನು ಎರಕ ಹೊಯ್ಯುವದು. ಆದರೆ ಉಕ್ಕು ಕರಗುವದಕ್ಕೆ ಸುಮಾರು 1,500 ಡಿಗ್ರಿ ಸೆಲ್ಸಿಯಸ್ ಶಾಖವು ಬೇಕು. ಲೇತಿನ ಮೇಲೆ ಹೆರೆಯುವದಕ್ಕೆ ಅಂಥ ಉರಿಯು ಬೇಕಿಲ್ಲ. ಆದುದರಿಂದ ಕರಗಿಸುವದು ಕೊನೆಯ ಉಪಾಯ. ಅದಕ್ಕೆ ಮೊದಲು ಎಷ್ಟು ಸಲ ಉದ್ಧರಿಸಲು ಸಾಧ್ಯವೋ ಅಷ್ಟು ಸಲ ಉದ್ಧರಿಸುವದೇ ಜಾಣತನ.

ಹುಬ್ಬಳ್ಳಿಯು 1997ರಿಂದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರವೂ ಆಗಿದೆ. ಬಸ್ಸುಗಳ ಎಂಜಿನ್ನುಗಳನ್ನು ಬಿಚ್ಚಿ ಹೊಸದರಂತೆ ಮಾಡುವದು, ಸವೆದ ಟೈರಿನ ಮೇಲೆ ಹೊಸ ರಬ್ಬರಿನ ಪಟ್ಟಿಯನ್ನು ಬೇಯಿಸಿ ಕೂಡಿಸುವದು, ಇಂಥ ಕೆಲಸಗಳು ಸಾರಿಗೆ ಸಂಸ್ಥೆಗಳ ಕಾರ್ಯಾಗಾರಗಳಲ್ಲಿ ನಿತ್ಯವೂ ನಡೆಯುವವು. ಟೈರಿನಲ್ಲಿಯೂ ಗಾಲಿಯ ನ್ಯಾಯವೇ: ಸವೆಯುವದು ಹೊರಗಿನ ಪದರು; ರಬ್ಬರು, ನೂಲು, ತಂತಿಗಳ ಹೆಚ್ಚಿನ ಪಾಲು ಒಳಗಿನ ಒಡಲಿನಲ್ಲಿ ಸುರಕ್ಷಿತವಾಗಿರುವದು. ಮುಂದೆ ಹೆದ್ದಾರಿಯ ಬದಿಗೆ ವರೂರಿನಲ್ಲಿ ವಿಆರ್‌ಎಲ್ ಲಾರಿ ಕಂಪನಿಯ ಕೇಂದ್ರವನ್ನು ಕಂಡೆವು. 1976ರಲ್ಲಿ ಗದಗಿನಲ್ಲಿ ಒಂದು ಲಾರಿಯಿಂದ ಆರಂಭವಾದ ಈ ಕಂಪನಿಯು ಈಗ ಸಾವಿರಾರು ಲಾರಿಗಳನ್ನು ಓಡಿಸುವದಲ್ಲದೆ ಅವುಗಳ ಒಡಲುಗಳನ್ನು ತಾನೇ ಕಟ್ಟಿಸುವದು. ತನ್ನ ಗಾಡಿಯ ಮೇಲೆಯೇ ತನ್ನ ಗಳಿಕೆಯು ನಿಂತಿರುವವನು ಅದರ ಆಯುಷ್ಯವನ್ನು ಕುರಿತು ಯೋಚಿಸದೆ ಇರಲಾರನು.

ಅಲ್ಲಿಂದ ತಡಸದ ಅಡ್ಡರಸ್ತೆಯನ್ನು ದಾಟಿ ಶಿಗ್ಗಾವಿಯನ್ನು ಸೇರಿದೆವು. ಪೇಟೆಯಲ್ಲಿ ನಮ್ಮ ಕಣ್ಣನ್ನು ಸೆಳೆದುದು ಮೋಟರುಗಳ ತಂತಿ ಸುತ್ತುವ ಒಂದು ಚಿಕ್ಕ ಅಂಗಡಿ. ಈ ಸೀಮೆಯ ಹೊಲಗಳಿಗೆ ಕೊಳವೆ ಬಾವಿಯೇ ಆಧಾರವಾದುದರಿಂದ, ನೆಲದ ಆಳದಲ್ಲಿ ದುಡಿಯುವ ಪಂಪಿನ ಮೋಟರು ಸುಟ್ಟಿತೆಂದರೆ ರೈತನ ಬೆಳೆಯೇ ಒಣಗಿದಂತೆ. ವಿದ್ಯುತ್ತಿನ ಒತ್ತಡವು ಏರಿಳಿದು ಸುಟ್ಟುಹೋದ ತಾಮ್ರದ ಸುರುಳಿಗಳನ್ನು ಕಿತ್ತು, ಅಷ್ಟೇ ದಪ್ಪದ ಹೊಸ ತಂತಿಯನ್ನು ಅಷ್ಟೇ ಸುತ್ತುಗಳಲ್ಲಿ ಸುತ್ತಿ ಕೂಡಿಸುವನು ಕೆಲಸಗಾರ. ಮೋಟರಿನ ಕವಚ, ನಡುವಿನ ದಂಡ, ಕಬ್ಬಿಣದ ತೆಳುತಗಡುಗಳ ಅಡಕ ಇವೆಲ್ಲ ಹಾಗೆಯೇ ಉಳಿಯುವವು. ಹುಬ್ಬಳ್ಳಿಯ ಕಾರ್ಯಾಗಾರದಲ್ಲಿ ನಡೆಯುವದೂ ಇಲ್ಲಿ ನಡೆಯುವದೂ ತತ್ತ್ವದಲ್ಲಿ ಒಂದೇ. ಭೇದವಿರುವದು ಅಳತೆಯಲ್ಲಿ. ಹಳೆಯ ಸುರುಳಿಯು ಬೇಗನೆ ಸಡಿಲಾಗಲೆಂದು ಮೋಟರನ್ನು ಬೆಂಕಿಯಲ್ಲಿ ಹೆಚ್ಚು ಕಾಸಿದರೆ ಆ ತಗಡುಗಳ ನಡುವಿನ ಲೇಪವು ಕೆಡುವದು. ಮೋಟರು ತಿರುಗುವದೇನೋ ನಿಜ, ಆದರೆ ಅದೇ ನೀರನ್ನೆತ್ತುವದಕ್ಕೆ ಮೊದಲಿಗಿಂತ ಹೆಚ್ಚು ವಿದ್ಯುತ್ತನ್ನು ಎಳೆಯುವದು. ಹೀಗೆ ತಾಮ್ರದಲ್ಲಿ ಉಳಿಸಿದುದನ್ನು ವಿದ್ಯುತ್ತಿನಲ್ಲಿ ಕಳೆದುಕೊಂಡಂತಾಗುವದು. ಆದುದರಿಂದ ಅಳತೆಯಿಲ್ಲದ ಜೀರ್ಣೋದ್ಧಾರವು ಅರ್ಧ ಉಪಕಾರವೇ ಸರಿ.

ಶಿಗ್ಗಾವಿಯಿಂದ ಹಿರೇಬೆಂಡಿಗೇರಿಗೆ ಹೋದಾಗ ಹೊತ್ತು ಇಳಿಮುಖವಾಗಿತ್ತು. ಉತ್ತರ ಕರ್ನಾಟಕದ ಹಳ್ಳಿಗಳನ್ನು ಬಲ್ಲ ವಾಚಕರಿಗೆ ಈ ಊರ ನೋಟವನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಹಿತ್ತಿಲಲ್ಲಿ ಮೇವಿನ ಬಣವೆ, ಕಟ್ಟೆಯ ಮೇಲೆ ಹಿರಿಯರು, ಓಣಿಯಲ್ಲಿ ಟ್ರ್ಯಾಕ್ಟರು, ಅದರ ಬದಿಗೆ ಎತ್ತುಗಳಿಲ್ಲದೆ ಮೂಕಿ ಊರಿ ನಿಂತ ಒಂದು ಚಕ್ಕಡಿ. ನಾವು ಆ ಚಕ್ಕಡಿಯ ಗಾಲಿಯನ್ನೇ ಬಹಳ ಹೊತ್ತು ನೋಡಿದೆವು. ನಡುವಿನ ಗುಂಭ, ಸುತ್ತಲಿನ ಅರಗಳು, ಅವುಗಳನ್ನು ಹಿಡಿದ ಮರದ ಬಳೆ, ಎಲ್ಲವನ್ನೂ ಬಿಗಿದ ಕಬ್ಬಿಣದ ಹಳಿ. ಯಾವ ಭಾಗವೂ ಇನ್ನೊಂದಕ್ಕೆ ಬಿಡಿಸಲಾಗದಂತೆ ಅಂಟಿಕೊಂಡಿಲ್ಲ. ಅರವೊಂದು ಮುರಿದರೆ ಅರವನ್ನೇ ಹಾಕಬಹುದು. ಮರವು ಒಣಗಿ ಹಳಿಯು ಸಡಿಲಾದರೆ ಹಳಿಯನ್ನು ಕತ್ತರಿಸಿ, ಕಾಸಿ, ಬೆಸೆದು ಮತ್ತೆ ತೊಡಿಸಬಹುದು. ಕಾದು ಹಿಗ್ಗಿದ ಹಳಿಯು ನೀರೆರೆದೊಡನೆ ಕುಗ್ಗಿ ಗಾಲಿಯನ್ನು ಹಿಡಿಯುವದು. ಬಡಿಗೇರರೂ ಕಂಬಾರರೂ ಈ ವಿದ್ಯೆಯನ್ನು ಪುಸ್ತಕದಿಂದ ಕಲಿತವರಲ್ಲ.

ಕಟ್ಟೆಯ ಮೇಲಿದ್ದ ಹಿರಿಯ ಒಕ್ಕಲಿಗರೊಬ್ಬರನ್ನು, "ಅಜ್ಜಾರ, ನೇಗಿಲಿನ ಕುಳವನ್ನು ಈಗಲೂ ಹಣಿಸುವದುಂಟೋ?" ಎಂದು ಕೇಳಿದೆವು. ಅವರು ನಕ್ಕು ಹೇಳಿದರು: "ಹಣಸೂದು ಎಲ್ಲೆ ಬಂತ್ರಿ! ಮೊದಲ ಕುಳ ಮುರದ್ರ ಕಂಬಾರಗ ಚಿಂತಿ ಹತ್ತತಿತ್ತು. ಈಗ ಸಾಮಾನು ಮುರದ್ರ ಅಂಗಡ್ಯಾವಗ ಹಬ್ಬ ನೋಡ್ರಿ."

ಈ ಎರಡು ಮಾತುಗಳಲ್ಲಿ ಒಂದು ದೊಡ್ಡ ಅರ್ಥಶಾಸ್ತ್ರವೇ ಅಡಗಿದೆ. ಹಿಂದೆ ನಮ್ಮ ಹಳ್ಳಿಗಳಲ್ಲಿ ಬಡಿಗೇರನೂ ಕಂಬಾರನೂ ಆಯಗಾರರಾಗಿದ್ದರು. ಒಂದೊಂದು ಕೆಲಸಕ್ಕೆ ಒಂದೊಂದು ದರವೆಂಬದಿರಲಿಲ್ಲ. ಸುಗ್ಗಿಯಲ್ಲಿ ಕಣದ ರಾಶಿಯಿಂದ ಇಷ್ಟು ಕಾಳನ್ನು ಆಯವೆಂದು ಅಳೆದು ಕೊಟ್ಟರೆ, ವರ್ಷವಿಡೀ ಆ ಮನೆಯ ನೇಗಿಲು, ಕುಂಟೆ, ಕೂರಿಗೆಗಳು ನಡೆಯುವಂತೆ ನೋಡಿಕೊಳ್ಳುವದು ಅವರ ಹೊಣೆ. ಕುಳವು ವರ್ಷದಲ್ಲಿ ಹತ್ತು ಸಲ ಮೊಂಡಾದರೆ ಕಂಬಾರನಿಗೆ ಹತ್ತು ಸಲ ದುಡಿತ, ಕಾಳು ಮಾತ್ರ ಅಷ್ಟೇ. ಆದುದರಿಂದ ಗಟ್ಟಿಯಾಗಿ ಮಾಡುವದರಲ್ಲಿಯೇ ಅವನ ಲಾಭವಿತ್ತು. ಅವನು ಮಾರುತ್ತಿದ್ದುದು ಕುಳವನ್ನಲ್ಲ, ಕುಳದ ಹರಿತವನ್ನು. ಈ ಪದ್ಧತಿಯಲ್ಲಿ ದೋಷಗಳಿರಲಿಲ್ಲವೆಂದು ನಾವು ಹೇಳುವದಿಲ್ಲ. ಆಯಗಾರನ ಮಗನು ಆಯಗಾರನೇ ಆಗಬೇಕೆಂಬ ಕಟ್ಟು, ಬರಗಾಲದಲ್ಲಿ ಅವನ ಪಾಲಿಗೂ ಬರುತ್ತಿದ್ದ ಬರಿಗೈ, ಜಾತಿಯ ಮೇಲುಕೀಳು ಇವೆಲ್ಲ ಅದರೊಡನೆ ಇದ್ದವು. ಅವು ಮರಳಿ ಬರುವದು ಬೇಡ. ಆದರೆ ಅದರ ಒಳಗಿನ ಲೆಕ್ಕವು ಮಾತ್ರ ಮರೆಯತಕ್ಕದ್ದಲ್ಲ.

ಹುಬ್ಬಳ್ಳಿಯ ಕಾರ್ಯಾಗಾರವನ್ನು ಈ ಲೆಕ್ಕದಿಂದ ನೋಡಿದರೆ ಅದರ ಗುಟ್ಟೂ ತಿಳಿಯುವದು. ಅಲ್ಲಿ ಡಬ್ಬಿಯನ್ನು ಓಡಿಸುವವರೂ ಅವರೇ, ಉದ್ಧರಿಸುವವರೂ ಅವರೇ; ಡಬ್ಬಿಯು ಬೇಗನೆ ಕೆಟ್ಟರೆ ನಷ್ಟವು ಅವರದೇ. ಪರದೇಶಗಳ ದೊಡ್ಡ ಉದ್ಯಮಗಳು ಬೇರೊಂದು ಬಗೆಯಿಂದ ಇಲ್ಲಿಗೇ ಬಂದು ತಲುಪಿದವು. ಫ್ರಾನ್ಸಿನ ರೆನೋ ಕಂಪನಿಯು ಎರಡನೆಯ ಮಹಾಯುದ್ಧದ ನಂತರ, 1949ರಲ್ಲಿ, ಶ್ವಾಸಿ-ಲ-ರ್ವಾ ಎಂಬಲ್ಲಿ ಹಳೆಯ ಎಂಜಿನ್ನುಗಳನ್ನು ಪುನಃ ಸಿದ್ಧಪಡಿಸುವ ಕೆಲಸವನ್ನು ಆರಂಭಿಸಿತು. ಅಮೇರಿಕೆಯ ಕ್ಯಾಟರ್‌ಪಿಲರ್ ಕಂಪನಿಯು 1973ರಿಂದ ತನ್ನ ಭಾರೀ ಯಂತ್ರಗಳ ಭಾಗಗಳನ್ನು ಹೀಗೆಯೇ ಮರಳಿ ಸಿದ್ಧಗೊಳಿಸುತ್ತ ಬಂದಿದೆ. ಗಿರಾಕಿಯಿಂದ ಅದು ಒಂದು ಠೇವಣಿಯನ್ನು ಹಿಡಿಯುವದು. ಸವೆದ ಭಾಗವನ್ನು ತಂದು ಮರಳಿಸಿದರೆ ಠೇವಣಿಯು ಮರಳುವದು. ಇದನ್ನು ಓದಿದ ನಮ್ಮ ಗೃಹಿಣಿಯರಿಗೆ ಬೋಗಾರರ ಅಂಗಡಿಯ ನೆನಪಾಗದೆ ಇರದು. ಸೀಳಿದ ಹಿತ್ತಾಳೆಯ ಕೊಡವನ್ನು ತೂಗಿಸಿ ಕೊಟ್ಟು, ಮಜೂರಿಯನ್ನಷ್ಟೇ ತೆತ್ತು ಹೊಸ ಕೊಡವನ್ನು ತರುವ ರೂಢಿಯಲ್ಲಿ, ಹಳೆಯ ವಸ್ತುವು ಅಂಗಡಿಗೆ ಮರಳುವ ದಾರಿಯನ್ನು ನಮ್ಮ ಅಜ್ಜಿಯರು ಎಂದೋ ತೆರೆದಿಟ್ಟಿದ್ದರು.

ಹೀಗೆ ನೋಡಲಾಗಿ ಮೂರು ಸಂಗತಿಗಳು ಕೂಡಿದಲ್ಲಿ ಜೀರ್ಣೋದ್ಧಾರವು ಉದ್ಯಮವಾಗಿ ಬಾಳುವದು: ವಸ್ತುವು ಬಿಚ್ಚಲು ಬರುವಂತಿರಬೇಕು, ಸವೆದುದು ಮರಳಿ ಬರುವ ದಾರಿಯಿರಬೇಕು, ಬಾಳಿಕೆಯಲ್ಲಿ ಮಾಡಿದವನ ಲಾಭವೂ ಸೇರಿರಬೇಕು. ಚಕ್ಕಡಿಯಲ್ಲಿ ಈ ಮೂರೂ ಇದ್ದವು. ರೇಲ್ವೆಯ ಡಬ್ಬಿಯಲ್ಲಿ ಇಂದಿಗೂ ಇವೆ. ಆದರೆ ಇಂದು ನಮ್ಮ ಮನೆಗಳನ್ನು ತುಂಬುತ್ತಿರುವ ಎಷ್ಟೋ ವಸ್ತುಗಳಲ್ಲಿ ಒಂದೂ ಇಲ್ಲ. ಸ್ಕ್ರೂ ಇರಬೇಕಾದಲ್ಲಿ ಅಂಟು. ಬಿಡಿಭಾಗವನ್ನು ಕೇಳಿದರೆ ಹೊಸದನ್ನೇ ಕೊಳ್ಳಿರೆಂಬ ಉತ್ತರ. ಇಂಥ ಸಾಮಾನು ಹಿರೇಬೆಂಡಿಗೇರಿಯಂಥ ಊರಿಗೆ ಬರುವ ದಾರಿಯು ಅಗಲವಾಗಿದೆ, ಹೋಗುವ ದಾರಿಯೇ ಇಲ್ಲ. ಕೊನೆಗೆ ಅದು ಸೇರುವದು ತಿಪ್ಪೆಯನ್ನು ಅಥವಾ ಹಳ್ಳದ ದಂಡೆಯನ್ನು. ಅಲ್ಲಿ ಸುಟ್ಟ ಪ್ಲಾಸ್ಟಿಕ್ಕಿನ ಹೊಗೆಯು ನಮ್ಮ ಮಕ್ಕಳ ಎದೆಗೇ ಹೋಗುವದು. ಒಡೆದ ಬ್ಯಾಟರಿಯ ಸೀಸವು ಅದೇ ನೆಲದ ನೀರಿಗೆ ಇಳಿಯುವದು. ಅದರೊಡನೆ ಕುಲುಮೆಯೂ ಆರಿ, ಕೈಯ ವಿದ್ಯೆಯೂ ಒಂದು ತಲೆಮಾರಿನಲ್ಲಿ ಅಳಿಯುವದು. ಲೋಹವನ್ನು ಗಣಿಯಿಂದ ಮತ್ತೆ ತೆಗೆಯಬಹುದು. ಅಳಿದ ವಿದ್ಯೆಯನ್ನು ತೆಗೆಯುವ ಗಣಿ ಯಾವದೂ ಇಲ್ಲ.

ಸರಕಾರವು ಈ ವಿಷಯದಲ್ಲಿ ಕಣ್ಣು ತೆರೆದಿಲ್ಲವೆನ್ನಲಾಗದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಮರಳಿ ಪಡೆಯುವ ಹೊಣೆಯನ್ನು ತಯಾರಕರ ಮೇಲೆಯೇ ಹೊರಿಸಿದವು. ಅದೇ ವರ್ಷದ ಡಿಸೆಂಬರದಲ್ಲಿ ಕೇಂದ್ರ ಸರಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯು 'ದುರಸ್ತಿಯ ಹಕ್ಕು' ಎಂಬ ಜಾಲತಾಣವನ್ನು ತೆರೆದು, ವಸ್ತುಗಳ ದುರಸ್ತಿಯ ಮಾಹಿತಿಯನ್ನು ಕಂಪನಿಗಳು ಅಲ್ಲಿ ಒದಗಿಸುವಂತೆ ವ್ಯವಸ್ಥೆ ಮಾಡಿತು. ಇವು ಒಳ್ಳೆಯ ಆರಂಭಗಳು. ಆದರೆ ಕಾನೂನಿನ ಕೈಯು ಅಡಿಗೆಮನೆಯ ವರೆಗೆ ಬರಲಾರದು. ಅಲ್ಲಿ ಗೃಹಸ್ಥರ ವಿವೇಕವೇ ಕಾನೂನು.

ಹಾಗೆಂದು ಹಳೆಯದೆಲ್ಲವೂ ಉಳಿಸತಕ್ಕದ್ದೆಂದು ವಾಚಕರು ಭಾವಿಸಬಾರದು. ಹಗಲೂ ರಾತ್ರಿಯೂ ವಿದ್ಯುತ್ತನ್ನು ನುಂಗುವ ಹಳೆಯ ಫ್ರಿಜ್ಜನ್ನು ಮತ್ತೆ ಮತ್ತೆ ಉದ್ಧರಿಸುವದಕ್ಕಿಂತ ಮಿತವಾಗಿ ಉಣ್ಣುವ ಹೊಸದನ್ನು ತರುವದೇ ಒಮ್ಮೊಮ್ಮೆ ಲೇಸು. ಕುಳಿತಲ್ಲಿಯೇ ಇರುವ ಮೇಜು, ಕಪಾಟು, ಪಾತ್ರೆ, ಹೊಲಿಗೆಯಂತ್ರಗಳ ಮಾತು ಬೇರೆ. ಅವು ಎಷ್ಟು ದಿನ ಬಾಳಿದರೆ ಅಷ್ಟು ಲಾಭ. ಉಳಿಸುವದರಿಂದ ಆಗುವ ಮಿತವ್ಯಯವನ್ನೂ ನಡೆಸುವದರಿಂದ ಆಗುವ ವ್ಯಯವನ್ನೂ ತಕ್ಕಡಿಯ ಎರಡು ತಟ್ಟೆಗಳಲ್ಲಿಟ್ಟು ತೂಗಬೇಕು.

ಹಿರೇಬೆಂಡಿಗೇರಿಯಿಂದ ಹೊರಡುವ ಮುನ್ನ ಒಂದು ಮನೆಯ ಪಡಸಾಲೆಯಲ್ಲಿ ಒಬ್ಬ ತಾಯಿ ಕೌದಿ ಹೊಲಿಯುತ್ತಿದ್ದುದನ್ನು ಕಂಡೆವು. ಹಳೆಯ ಸೀರೆ, ಧೋತರ, ಮಕ್ಕಳ ಅಂಗಿಗಳ ತುಣುಕುಗಳು ಒಂದರ ಮೇಲೊಂದು ಕೂತು, ಸಾವಿರ ಹೊಲಿಗೆಗಳಿಂದ ಬಿಗಿದು ಒಂದಾಗುತ್ತಿದ್ದವು. ಇಲ್ಲಿಂದ ಪಡುವಲಿಗೆ ಮುಂಡಗೋಡ, ಯಲ್ಲಾಪುರ, ಹಳಿಯಾಳಗಳ ಸಿದ್ದಿ ಹೆಂಗಸರು ಇದನ್ನೇ ಕವಂದಿಯೆಂದು ಕರೆದು, ಅಂಚಿನಿಂದ ನಡುವಿನ ಕಡೆಗೆ ಹೊಲಿಯುತ್ತ ಹೋಗಿ ಮೂಲೆಗಳಿಗೆ ಬಟ್ಟೆಯ ಹೂಗಳನ್ನಿಡುವರು. ಹೂವಿಡದ ಕವಂದಿಯು ಅವರ ಕಣ್ಣಿಗೆ ಅಪೂರ್ಣವೆಂದೇ ತೋರುವದು. ಇಂದು ಪೇಟೆಗಳಲ್ಲಿ ಕೌದಿಗಳೂ ಕವಂದಿಗಳೂ ಬೆಲೆ ಕೊಟ್ಟು ಕೊಳ್ಳುವ ಕಲೆಯ ವಸ್ತುಗಳಾಗಿವೆ. ಮನೆಯಲ್ಲಿ ಮಿತವ್ಯಯವಾಗಿದ್ದುದು ಹೊರಗೆ ಉದ್ಯಮವಾಗಬಲ್ಲದೆಂಬದಕ್ಕೆ ಇದಕ್ಕಿಂತ ಮೃದುವಾದ ಸಾಕ್ಷಿ ಬೇಕಿಲ್ಲ.

ಇನ್ನು ಮುಂದೆ ವಾಚಕರು ಮನೆಗೆ ಹೊಸ ವಸ್ತುವೊಂದನ್ನು ತರುವಾಗ ಅಂಗಡಿಯವನಿಗೆ ಬೆಲೆಯೊಡನೆ ಇನ್ನು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನಮ್ಮ ಬಿನ್ನಹ. ಇದನ್ನು ಬಿಚ್ಚಲು ಬರುವದೋ? ಇದರ ಬಿಡಿಭಾಗಗಳು ನಮ್ಮ ತಾಲೂಕಿನ ಪೇಟೆಯಲ್ಲಿ ಸಿಗುವವೋ? ಸವೆದ ಮೇಲೆ ಇದನ್ನು ಮರಳಿ ಯಾರು ಕೊಳ್ಳುವರು? ಒಬ್ಬ ಗಿರಾಕಿಯು ಕೇಳಿದರೆ ಅಂಗಡಿಯವನು ನಕ್ಕಾನು. ಹತ್ತು ಜನರು ಕೇಳಿದರೆ ತಯಾರಕನಿಗೆ ಬರೆದಾನು. ಸಾವಿರ ಜನರು ಕೇಳಿದರೆ ತಯಾರಕನೇ ಉತ್ತರವನ್ನು ಸಿದ್ಧಮಾಡಿಕೊಂಡಾನು. ದುರಸ್ತಿಯ ಕೈಗೆ ಕೊಡುವ ಮಜೂರಿಯಲ್ಲಿ ಜಗ್ಗಾಟ ಮಾಡದೆ, ಅಳತೆ ಅರಿತು ಕೆಲಸ ಮಾಡುವವನನ್ನು ಹುಡುಕಿ ಅವನಿಗೆ ತಕ್ಕ ಕೂಲಿಯನ್ನು ಕೊಟ್ಟರೆ, ಕಂಬಾರನ ಮೊಮ್ಮಗನು ಲೇತಿನ ಮುಂದೆಯೋ ಮೋಟರಿನ ಮುಂದೆಯೋ ಮಾನದಿಂದ ನಿಂತು ತನ್ನ ಊರಿನಲ್ಲಿಯೇ ಬಾಳಿಯಾನು.